ಹಸಿರು ಸಿಪ್ಪೆಯ ಕಿತ್ತಳೆ: ಕೊಡಲಿ ಎತ್ತುವ ಮೊದಲು



ಕೋಟೇಶ್ವರದ ಕೊಡಿಹಬ್ಬ ಮುಗಿದು ಬೆಳಗಿನ ಹೊತ್ತು ಸ್ವಲ್ಪ ಚಳಿ ಎನ್ನಿಸುವ ಈ ದಿನಗಳಲ್ಲಿ, ನಮ್ಮ ಹಿತ್ತಿಲಿನ ಅಂಕಣಕ್ಕೆ ಬರುವ ಕಾಗದಗಳಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ. "ಕಿತ್ತಳೆ ಗಿಡ ನೆಟ್ಟಿದ್ದೇವೆ, ಕಾಯಿಯೂ ಹಿಡಿದಿದೆ. ಆದರೆ ಹಣ್ಣೇ ಆಗುವುದಿಲ್ಲ, ಹಸಿರಾಗಿಯೇ ಇದ್ದು ಕಡೆಗೆ ಉದುರಿ ಹೋಗುತ್ತದೆ. ಏನು ಮಾಡೋಣ?"

ಈ ಸಲ ಬೈಂದೂರಿನ ಕಡೆಯ ಸೋದರಿಯೊಬ್ಬರು ಇದನ್ನೇ ಕೇಳಿದ್ದಾರೆ, ಆದರೆ ಅವರಿಗೆ ಅವಸರವಿದೆ. ಮಗಳನ್ನು ಒಂದನೇ ತರಗತಿಗೆ ಸೇರಿಸಿದ ವರ್ಷ ಅವರೇ ನೆಟ್ಟು, ಬಾವಿಯಿಂದ ನೀರು ಸೇದಿ ಹಾಕಿ ಬೆಳೆಸಿದ ಮರ. ಈಗ ಅಂಗಳಕ್ಕೆ ಇಂಟರ್‌ಲಾಕ್ ಹಾಸುವ ಕೆಲಸ ಶುರುವಾಗಲಿದೆ. "ಒಂಬತ್ತ್ ವರ್ಷ ಆಯ್ತ್, ಒಂದ್ ಹಣ್ಣ್ ಆತಿಲ್ಲೆ. ಬಂಜೆ ಮರ, ಕಡ್ದ್ ತೆಗಿನಿ" ಎಂದು ಮನೆಯಲ್ಲಿ ಎಲ್ಲರ ಮಾತು. ಕಡಿಯುವುದೋ ಉಳಿಸುವುದೋ ಎಂದು ಅವರು ಕೇಳಿದ್ದಾರೆ. (ಬಂಜೆ ಎನ್ನುವ ಮಾತನ್ನು ಮರಕ್ಕಾದರೂ ಯಾಕೆ ಹೇಳಬೇಕೋ ನನಗೆ ತಿಳಿಯದು. ಕಾಯಿ ಹಿಡಿದ ಮರಕ್ಕಂತೂ ಅದು ಸುಳ್ಳೇ ಸುಳ್ಳು.)

ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ಬಾರದು. ಕಿತ್ತಳೆ ಹಸಿರಾಗಿ ಉಳಿಯುವುದರಲ್ಲಿ ಎರಡು ಬಗೆ ಇದೆ. ಒಂದು ಆರೋಗ್ಯದ ಹಸಿರು, ಇನ್ನೊಂದು ರೋಗದ ಹಸಿರು. ಮೊದಲನೆಯದಾದರೆ ಮರವನ್ನು ಮುಟ್ಟಲೇಬಾರದು. ಎರಡನೆಯದಾದರೆ ಉಳಿಸಿಕೊಳ್ಳಬಾರದು. ಯಾವುದು ಯಾವುದೆಂದು ತಿಳಿಯಲು ಒಂದು ಚೂರಿ, ಒಂದು ಬಾಲ್‌ಪೆನ್ನು ಮತ್ತು ಹತ್ತು ನಿಮಿಷದ ಸಮಾಧಾನ ಸಾಕು.

ಕರಾವಳಿಯಲ್ಲಿ ಕಿತ್ತಳೆ

ನಮ್ಮ ಕಡೆಗೆ ಕಿತ್ತಳೆ ಎಂದರೆ ಬುಟ್ಟಿಯಲ್ಲಿ ಬರುವ ಹಣ್ಣು, ಅಂಗಳದಲ್ಲಿ ಬಿಡುವ ಹಣ್ಣಲ್ಲ. ಮಂಗಳೂರಿನ ಬಸ್ ನಿಲ್ದಾಣದಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರಿ, ಆ ದುಡಿಮೆಯಲ್ಲಿ ಉಳಿಸಿ ತನ್ನ ಊರಿಗೊಂದು ಶಾಲೆ ತಂದ ಹರೇಕಳ ಹಾಜಬ್ಬರ ಕತೆ ನಿಮಗೆಲ್ಲ ಗೊತ್ತು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಹೀಗೆ ಬುಟ್ಟಿಯ ಹಣ್ಣನ್ನೇ ನೋಡಿ ಬೆಳೆದ ನಮ್ಮ ಕಣ್ಣಿಗೆ ಕಿತ್ತಳೆಯೆಂದರೆ ಕೇಸರಿ ಬಣ್ಣವೇ ಆಗಬೇಕು. ಆ ಬಣ್ಣ ಬಾರದಿದ್ದರೆ ಅದು ಹಣ್ಣಲ್ಲ ಎಂದೇ ಲೆಕ್ಕ.

ಆದರೆ ಕಿತ್ತಳೆ ಬೆಳೆಯುವ ಕೊಡಗಿನ ಸ್ಥಿತಿ ಬೇರೆ. ಅಲ್ಲಿ ಅದು ಸಮುದ್ರ ಮಟ್ಟದಿಂದ ಎಷ್ಟೋ ಎತ್ತರದಲ್ಲಿ, ಕಾಫಿ ತೋಟದ ನಡುವೆ, ತಂಪು ರಾತ್ರಿಗಳಲ್ಲಿ ಬೆಳೆಯುತ್ತದೆ. 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕೊಡಗಿನ ಕಿತ್ತಳೆಯ ಸಿಪ್ಪೆಯೂ ಪೂರ್ತಿ ಕೇಸರಿಯಲ್ಲ, ಹಸಿರು ಬೆರೆತ ಹಳದಿ. ಹಾಗಿರುವಾಗ ಸಮುದ್ರದ ಮಗ್ಗುಲಿನಲ್ಲಿರುವ ಕುಂದಾಪುರದ ಮರದಿಂದ ನಾವು ಕೇಸರಿ ಬಣ್ಣ ಕೇಳುವುದು ಎಷ್ಟು ಸರಿ, ನೀವೇ ಹೇಳಿ.

ಬಣ್ಣ ಯಾಕೆ ಬರುವುದಿಲ್ಲ?

ಸಿಪ್ಪೆಯ ಹಸಿರು ಬಣ್ಣ ಎಲೆಯ ಹಸಿರೇ. ಅದು ಕರಗಿ ಹೋದರೆ ಅಡಿಯಲ್ಲಿರುವ ಕೇಸರಿ ಹೊರಗೆ ಕಾಣುತ್ತದೆ. ಆ ಹಸಿರು ಕರಗಬೇಕಾದರೆ ರಾತ್ರಿಗಳು ತಂಪಾಗಬೇಕು, ಸುಮಾರು 13 ಡಿಗ್ರಿಯ ಆಸುಪಾಸಿಗೆ ಇಳಿಯಬೇಕು. ನಮ್ಮಲ್ಲಿ ಧನುರ್ಮಾಸದಲ್ಲಿ ಕೂಡ ರಾತ್ರಿಯ ಉಷ್ಣತೆ 20 ಡಿಗ್ರಿಗಿಂತ ಬಹಳ ಕೆಳಗೆ ಹೋಗುವುದು ಅಪರೂಪ. ಹಾಗಾಗಿ ಒಳಗಿನ ತೊಳೆ ರಸ ತುಂಬಿ ಸಿಹಿಯಾದರೂ ಹೊರಗಿನ ಸಿಪ್ಪೆ ಹಸಿರಾಗಿಯೇ ಉಳಿಯುತ್ತದೆ. ಬಣ್ಣಕ್ಕೂ ರುಚಿಗೂ ಇಲ್ಲಿ ಸಂಬಂಧವಿಲ್ಲ.

ಇದು ನಮ್ಮೊಬ್ಬರ ಪಾಡಲ್ಲ. ಬಿಸಿ ದೇಶವಾದ ಥಾಯ್ಲೆಂಡಿನಲ್ಲಿ ಮನೆಮನೆಯಲ್ಲೂ ತಿನ್ನುವ ಕಿತ್ತಳೆಗೆ 'ಸೋಮ್ ಖಿಯೋ ವಾನ್' ಎಂದು ಹೆಸರು. ಹಸಿರು ಸಿಹಿ ಕಿತ್ತಳೆ ಎಂದು ಅದರ ಅರ್ಥ. ಅಲ್ಲಿನ ಹೆಂಗಸರು ಹಸಿರು ಹಣ್ಣನ್ನೇ ಆರಿಸಿ ಕೊಳ್ಳುತ್ತಾರೆ. ಪೇಟೆಗೆ ಬರುವ ಹಣ್ಣಿಗೆ ಎಷ್ಟೋ ಕಡೆ ಎಥಿಲೀನ್ ಅನಿಲ ಕೊಟ್ಟು ಸಿಪ್ಪೆಯ ಹಸಿರು ತೆಗೆಯುವುದುಂಟು. ಅದರಿಂದ ಬಣ್ಣ ಬರುತ್ತದೆಯೇ ಹೊರತು ಸಿಹಿ ಒಂದು ಚೂರೂ ಏರುವುದಿಲ್ಲ.

ಇನ್ನೊಂದು ಮುಖ್ಯ ಮಾತು. ಮಾವು, ಬಾಳೆಯಂತೆ ಕಿತ್ತಳೆಯನ್ನು ಕೊಯ್ದು ಅಕ್ಕಿ ಡಬ್ಬದಲ್ಲೋ ಹುಲ್ಲಿನಲ್ಲೋ ಹುಗಿದಿಟ್ಟರೆ ಹಣ್ಣಾಗುವುದಿಲ್ಲ. ಕೊಯ್ದ ದಿನ ಎಷ್ಟು ಸಿಹಿ ಇತ್ತೋ ಅಷ್ಟೇ. ಆದ್ದರಿಂದ ಮರದಲ್ಲೇ ಬಲಿಯಲು ಬಿಡಬೇಕು.

ಬಲಿತಿದೆ ಎಂದು ತಿಳಿಯುವುದು ಹೇಗೆ? ಹೂ ಬಿಟ್ಟ ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ. ಅಲ್ಲಿಂದ ಎಂಟರಿಂದ ಒಂಬತ್ತು ತಿಂಗಳು. ಮಾರ್ಚ್ ಏಪ್ರಿಲ್‌ನಲ್ಲಿ ಹೂ ಕಂಡರೆ ಡಿಸೆಂಬರ್ ಜನವರಿಗೆ ಹಣ್ಣು. ಬಲಿತ ಹಣ್ಣಿನ ಹಸಿರು ಕಪ್ಪು ಹಸಿರಾಗಿರದೆ ಮಾಸಿದಂತೆ ಕಾಣುತ್ತದೆ, ಬಿಸಿಲಿನ ಮಗ್ಗುಲಲ್ಲಿ ಹಳದಿ ಇಣುಕುತ್ತದೆ. ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ಮೀರಿದ ತೂಕ. ಒತ್ತಿದರೆ ಸಿಪ್ಪೆ ಸ್ವಲ್ಪ ಸಡಿಲ. ಇಷ್ಟಾದ ಮೇಲೆ ಒಂದನ್ನು ಕೊಯ್ದು ತಿಂದು ನೋಡಿ. ಹುಳಿಯಾಗಿದ್ದರೆ ಎರಡು ವಾರ ಬಿಟ್ಟು ಇನ್ನೊಂದು. ಕೀಳುವಾಗ ಎಳೆದು ಕೀಳಬೇಡಿ, ತೊಟ್ಟಿನ ಹತ್ತಿರ ಸಿಪ್ಪೆ ಹರಿದು ಹಣ್ಣು ಬೇಗ ಕೊಳೆಯುತ್ತದೆ. ಕತ್ತರಿಯಿಂದ ತೊಟ್ಟು ಸೇರಿಸಿ ಕತ್ತರಿಸಿ.

ಎಷ್ಟೋ ಮನೆಗಳಲ್ಲಿ ಯಾರೂ ಹಣ್ಣನ್ನು ಕೊಯ್ದು ನೋಡಿಯೇ ಇರುವುದಿಲ್ಲ. ಕೇಸರಿ ಆಗಲಿ ಎಂದು ಕಾಯುತ್ತ ಕಾಯುತ್ತ ಒಳಗಿನ ತೊಳೆ ಒಣಗಿ, ಕಡೆಗೆ ಹಣ್ಣು ತಾನಾಗಿ ಉದುರುತ್ತದೆ.

ರೋಗದ ಹಸಿರು

ಈಗ ಎರಡನೆಯ ಹಸಿರಿನ ವಿಷಯ. ಕಿತ್ತಳೆ ಜಾತಿಯ ಗಿಡಗಳಿಗೆ 'ಗ್ರೀನಿಂಗ್' ಎಂದೇ ಹೆಸರಾದ ಒಂದು ರೋಗವಿದೆ. ಬ್ಯಾಕ್ಟೀರಿಯಾದಿಂದ ಬರುವುದು. ಒಂದು ಸಣ್ಣ ಹಾರುವ ಕೀಟ ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ. ಕೊಡಗಿನಲ್ಲಿ ಒಂದು ಕಾಲಕ್ಕೆ ತೋಟದ ತುಂಬ ಇದ್ದ ಕಿತ್ತಳೆ ಇಂದು ಇಷ್ಟು ಕಡಿಮೆಯಾಗಲು ಬೇರು ಕೊಳೆ, ಆರೈಕೆಯ ಕೊರತೆ ಮುಂತಾದವುಗಳ ಜೊತೆಗೆ ಈ ರೋಗವೂ ಒಂದು ಕಾರಣ. ಅಮೆರಿಕದ ಫ್ಲಾರಿಡಾದಲ್ಲಿ ಇದು 2005ರಲ್ಲಿ ಕಾಣಿಸಿಕೊಂಡಿತು. ನಡುವೆ ಬಿರುಗಾಳಿಗಳ ಹೊಡೆತವೂ ಸೇರಿ, ಎರಡು ದಶಕಗಳಲ್ಲಿ ಅಲ್ಲಿನ ಕಿತ್ತಳೆಯ ಬೆಳೆ ಹತ್ತರಲ್ಲಿ ಒಂದು ಪಾಲಿಗೆ ಇಳಿದುಹೋಯಿತು. ಅಷ್ಟು ದೊಡ್ಡ ದೇಶಕ್ಕೂ ಸೋಂಕು ತಗಲಿದ ಮರವನ್ನು ಪೂರ್ತಿ ಗುಣಪಡಿಸುವ ಮದ್ದು ಸಿಕ್ಕಿಲ್ಲ.

ನಿಮ್ಮ ಮರಕ್ಕೆ ಇದು ಬಂದಿದೆಯೇ ಎಂದು ನೋಡಲು ನಾಲ್ಕು ಪರೀಕ್ಷೆ ಹೇಳುತ್ತೇನೆ.

ಮೊದಲನೆಯದು ಎಲೆ. ಹಳದಿ ಮಚ್ಚೆಯ ಬಲಿತ ಎಲೆಯೊಂದನ್ನು ಕೀಳಿ. ನಡುವಿನ ನರದ ಎಡಗಡೆ ಬಾಲ್‌ಪೆನ್ನಿನಿಂದ ಒಂದು ಸೊನ್ನೆ ಬರೆಯಿರಿ, ಅದಕ್ಕೆ ಸರಿ ಎದುರಾಗಿ ಬಲಗಡೆ ಇನ್ನೊಂದು. ಎರಡು ಸೊನ್ನೆಗಳ ಒಳಗಿನ ಬಣ್ಣ ಒಂದೇ ರೀತಿ ಇದ್ದರೆ ಅದು ಬಹುತೇಕ ಗೊಬ್ಬರದ ಕೊರತೆ. ಒಂದು ಕಡೆ ಹಳದಿ, ಇನ್ನೊಂದು ಕಡೆ ಹಸಿರು, ಹೀಗೆ ಎಡಕ್ಕೂ ಬಲಕ್ಕೂ ತಾಳೆಯಿಲ್ಲದಿದ್ದರೆ ಅನುಮಾನ ಪಡಬೇಕು. ನಾಲ್ಕಾರು ಎಲೆಗಳಲ್ಲಿ ನೋಡಿ, ಒಂದೇ ಎಲೆ ನೋಡಿ ತೀರ್ಮಾನ ಮಾಡಬೇಡಿ.

ಎರಡನೆಯದು ಕೊಂಬೆ. ಇಡೀ ಮರ ಹಸಿರಾಗಿದ್ದು ಒಂದೇ ಒಂದು ಕೊಂಬೆ ಮಾತ್ರ ಹಳದಿಯಾಗಿ ನಿಂತಿದೆಯೇ? ರೋಗ ಸಾಮಾನ್ಯವಾಗಿ ಹೀಗೆ ಒಂದು ಕೊಂಬೆಯಿಂದ ಶುರುವಾಗುತ್ತದೆ.

ಮೂರನೆಯದು ಹಣ್ಣಿನ ಆಕಾರ. ಆರೋಗ್ಯದ ಹಣ್ಣು ಹಸಿರಾಗಿದ್ದರೂ ದುಂಡಗೆ, ಎರಡೂ ಮಗ್ಗುಲು ಸಮವಾಗಿರುತ್ತದೆ. ರೋಗದ ಹಣ್ಣು ಸಣ್ಣದಾಗಿ ಒಂದು ಕಡೆ ಸೊಟ್ಟಗಿರುತ್ತದೆ. ಬಣ್ಣ ಬರುವುದಾದರೂ ತೊಟ್ಟಿನ ಕಡೆಯಿಂದ ಬಂದು ತುದಿ ಹಸಿರಾಗಿಯೇ ಉಳಿಯುತ್ತದೆ.

ನಾಲ್ಕನೆಯದು ಚೂರಿ. ಹಣ್ಣನ್ನು ತೊಟ್ಟಿನಿಂದ ತುದಿಗೆ ಉದ್ದಕ್ಕೆ ಸೀಳಿ. ನಡುವಿನ ಬಿಳಿಯ ದಿಂಡು ನೇರವಾಗಿದ್ದು, ಬೀಜ ತುಂಬಿಕೊಂಡಿದ್ದರೆ ಹೆದರಿಕೆಯಿಲ್ಲ. ದಿಂಡು ಬಾಗಿ, ಬೀಜಗಳು ಕಂದಿ ಜೊಳ್ಳಾಗಿ, ರಸ ಕಹಿಯಾಗಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ.

ನಾಲ್ಕರಲ್ಲಿ ಮೂರು ಕೂಡಿ ಬಂದರೆ ಎಲೆಯಿರುವ ಕೊಂಬೆಯೊಂದನ್ನೂ ಎರಡು ಹಣ್ಣನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬ್ರಹ್ಮಾವರಕ್ಕೆ ಒಯ್ಯಿರಿ. ಅಲ್ಲಿ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವಿದೆ, ಕೃಷಿ ವಿಜ್ಞಾನ ಕೇಂದ್ರವೂ ಇದೆ. ಹೆಂಗಸರು ಇಂಥ ಕಡೆ ಹೋಗಲು ಸಂಕೋಚ ಪಡುತ್ತಾರೆ, ಎಕರೆಗಟ್ಟಲೆ ತೋಟ ಇದ್ದವರಿಗೆ ಮಾತ್ರ ಅದು ಎಂದುಕೊಳ್ಳುತ್ತಾರೆ. ಹಾಗೇನೂ ಇಲ್ಲ, ಒಂದು ಮರ ಇದ್ದವರೂ ಕೇಳಬಹುದು. ರೋಗವೇ ಎಂದು ಅವರು ಹೇಳಿದರೆ ಮಾತ್ರ ಮನಸ್ಸು ಗಟ್ಟಿ ಮಾಡಿ ಮರವನ್ನು ಬುಡಸಹಿತ ತೆಗೆಸಿ. ನಮ್ಮ ಒಂದು ಮರದ ಮೋಹಕ್ಕೆ ನೆರೆಮನೆಯ ನಿಂಬೆ, ಕಂಚಿ, ಚಕ್ಕೋತಕ್ಕೆಲ್ಲ ರೋಗ ಹಬ್ಬಬಾರದಲ್ಲವೇ? ಆದರೆ ನಾಲ್ಕು ಪರೀಕ್ಷೆಯಲ್ಲೂ ಮರ ಗೆದ್ದರೆ, ಮನೆಯವರಿಗೆ ಒಂದು ಹಣ್ಣು ಸುಲಿದು ಕೈಗೆ ಕೊಡಿ. ವಾದ ಮಾಡುವುದಕ್ಕಿಂತ ಅದು ಸುಲಭ.

ಕರಿಬೇವಿನ ಸಂಗತಿ

ರೋಗ ಒಯ್ಯುವ ಕೀಟಕ್ಕೆ ಸಿಲ್ಲಾ ಎಂದು ಹೆಸರು. ಮೂರು ನಾಲ್ಕು ಮಿಲಿಮೀಟರಿನಷ್ಟು ಕಂದು ಬಣ್ಣದ ಹುಳ. ತಲೆ ತಗ್ಗಿಸಿ ಬಾಲ ಎತ್ತಿ ಕೂರುವುದೇ ಅದರ ಗುರುತು. ಮರಿಗಳು ಎಳೆಯ ಚಿಗುರಿನಲ್ಲಿ ಗುಂಪಾಗಿದ್ದು ಬಿಳಿಯ ಮೇಣದ ಎಳೆ ಬಿಡುತ್ತವೆ. ಈ ಕೀಟಕ್ಕೆ ಕಿತ್ತಳೆಯಷ್ಟೇ ಇಷ್ಟವಾದ ಇನ್ನೊಂದು ಗಿಡ ನಮ್ಮ ಕರಿಬೇವು! ಎರಡೂ ಒಂದೇ ಕುಟುಂಬದ ಗಿಡಗಳು.

ಹಾಗೆಂದು ಕರಿಬೇವನ್ನು ಕಡಿಯಲು ನಾನು ಹೇಳುವುದಿಲ್ಲ. ಅದಿಲ್ಲದೆ ನಮ್ಮ ಒಗ್ಗರಣೆ ಉಂಟೇ? ಹೊಸದಾಗಿ ಕಿತ್ತಳೆ ನೆಡುವವರು ಕರಿಬೇವಿನ ಪಕ್ಕ ನೆಡಬೇಡಿ, ಮನೆಯ ಒಂದು ಮೂಲೆಗೆ ಅದು, ಇನ್ನೊಂದು ಮೂಲೆಗೆ ಇದು. ಕರಿಬೇವಿನ ಚಿಗುರನ್ನು ಆಗಾಗ ಕೊಯ್ದು ಬಳಸುತ್ತಿರಿ. ಬಿಳಿ ಎಳೆ ಕಂಡ ಚಿಗುರನ್ನು ಚಿವುಟಿ ಒಲೆಗೆ ಹಾಕಿ. ಕಿತ್ತಳೆಗೆ ಹೊಸ ಚಿಗುರು ಬಂದಾಗಲೆಲ್ಲ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಸ್ವಲ್ಪ ಸಾಬೂನಿನ ನೀರು ಸೇರಿಸಿ ಚೆನ್ನಾಗಿ ಕಲಕಿ ಸಂಜೆ ಹೊತ್ತು ಸಿಂಪಡಿಸಿ.

ಮರ ಮಾತು ತಪ್ಪಿದೆ ಎನ್ನುವವರಿಗೆ

ಕೆಲವರು ಬರೆಯುತ್ತಾರೆ, "ಮೊದಲು ಎಲೆ ಒಂದು ಥರ ಇತ್ತು, ಈಗ ಬೇರೆ ಥರ. ದೊಡ್ಡ ಮುಳ್ಳು. ಹಣ್ಣು ಬಾಯಿಗಿಡಲು ಆಗದಷ್ಟು ಹುಳಿ." ಇದು ರೋಗವೂ ಅಲ್ಲ, ಹವೆಯ ದೋಷವೂ ಅಲ್ಲ. ಕಸಿ ಗಿಡವೆಂದರೆ ಎರಡು ಗಿಡ ಸೇರಿ ಒಂದಾದದ್ದು. ಬುಡ ರಂಗಪುರ ನಿಂಬೆಯದೋ ಜಂಬೇರಿಯದೋ, ಮೇಲಿನದು ಕಿತ್ತಳೆಯದು. ಕಸಿಯ ಗಂಟಿನ ಕೆಳಗಿನಿಂದ ಚಿಗುರು ಬಂದು, ಅದು ಕಾಡು ಹುರುಪಿನಲ್ಲಿ ಬೆಳೆದು, ಮೇಲಿನ ಕಿತ್ತಳೆಯನ್ನು ಸಾಯಿಸಿಬಿಡುತ್ತದೆ. ಕಡೆಗೆ ನಾವು ಸಾಕುವುದು ನಿಂಬೆಯ ಮರವನ್ನು. ಆದ್ದರಿಂದ ಗಂಟಿನ ಕೆಳಗೆ ಬಂದ ಚಿಗುರನ್ನು ಬೆರಳಷ್ಟು ಇರುವಾಗಲೇ ಚಿವುಟಿ ತೆಗೆಯುತ್ತಿರಬೇಕು. ಈಗಾಗಲೇ ನಿಂಬೆಯಾಗಿ ಹೋಗಿದ್ದರೆ ಬೇಸರಿಸಬೇಡಿ, ಉಪ್ಪಿನಕಾಯಿಗೆ ಆಗುತ್ತದೆ.

ಹೊಸದಾಗಿ ನೆಡುವವರಿಗೆ

ಬಂಡಿಯಲ್ಲಿ, ಟೆಂಪೋದಲ್ಲಿ ಮನೆ ಬಾಗಿಲಿಗೆ ಬರುವ ಗಿಡಕ್ಕೆ ಹಣ್ಣಿನ ಚೆಂದದ ಚಿತ್ರ ಕಟ್ಟಿರುತ್ತಾರೆ. ಕುಂಡದಲ್ಲೇ ಗೋಲಿಯಷ್ಟು ಕೇಸರಿ ಹಣ್ಣು ಗೊಂಚಲಾಗಿ ಬಿಟ್ಟಿದ್ದರೆ ಅದು ಚೈನಾ ಆರೆಂಜ್ ಎಂದು ಮಾರುವ ಕಲಮಾಂಡಿನ್ ಇರಬಹುದು. ನೋಡಲು ಚೆಂದ, ಶರಬತ್ತಿಗೂ ಆಗುತ್ತದೆ, ಆದರೆ ಸುಲಿದು ತಿನ್ನುವ ಕಿತ್ತಳೆ ಅಲ್ಲ. ಎಲ್ಲಿಂದ ತಂದ ಕಸಿ ಎಂದು ಹೇಳಲಾರದವರಿಂದ ಕೊಳ್ಳಬೇಡಿ, ರೋಗದ ಮರದಿಂದ ಕಸಿ ಕಡ್ಡಿ ತೆಗೆದಿದ್ದರೆ ರೋಗವನ್ನು ದುಡ್ಡು ಕೊಟ್ಟು ತಂದಂತೆ. ತೋಟಗಾರಿಕೆ ಇಲಾಖೆಯ ಅಥವಾ ಕೃಷಿ ವಿಶ್ವವಿದ್ಯಾಲಯದ ನರ್ಸರಿಯಲ್ಲಿ ವಿಚಾರಿಸಿ. ಕೊಡಗಿಗೆ ಹೋಗುವವರಿದ್ದರೆ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಕಿತ್ತಳೆಯ ಮೇಲೆ ಬಹಳ ವರ್ಷಗಳಿಂದ ಕೆಲಸ ಮಾಡುತ್ತ ಬಂದಿದೆ, ಅಲ್ಲಿ ಕೇಳಬಹುದು.

ಬೀಜದಿಂದ ಬೆಳೆಸಬಹುದೇ ಎಂದು ಕೇಳುವವರೂ ಇದ್ದಾರೆ. ಧಾರಾಳವಾಗಿ ಬೆಳೆಸಬಹುದು. ಈ ರೋಗ ಬೀಜದ ಮೂಲಕ ಬರುವ ಭಯವಿಲ್ಲ. ಕಿತ್ತಳೆಯ ಒಂದೇ ಬೀಜದಿಂದ ಎರಡು ಮೂರು ಮೊಳಕೆ ಏಳುವುದನ್ನು ನೀವು ನೋಡಿರಬಹುದು. ಅವುಗಳಲ್ಲಿ ಹೆಚ್ಚಿನವು ತಾಯಿಮರದ ಪಡಿಯಚ್ಚು. ತೀರಾ ಸಣಕಲಾದದ್ದನ್ನು ತೆಗೆದು ಒಂದೇ ಸಮನೆ ಹುಲುಸಾಗಿ ಬರುವುದನ್ನು ಇಟ್ಟುಕೊಳ್ಳಿ. ಬೀಜವನ್ನು ಒಣಗಿಸಿಡಬೇಡಿ, ಹಣ್ಣು ತಿಂದ ದಿನವೇ ತೊಳೆದು ಮಣ್ಣಿಗೆ ಹಾಕಿ. ಆದರೆ ತಾಳ್ಮೆ ಬೇಕು. ಕಸಿ ಗಿಡ ಮೂರು ನಾಲ್ಕು ವರ್ಷಕ್ಕೆ ಫಲ ಕೊಟ್ಟರೆ ಬೀಜದ ಗಿಡ ಆರರಿಂದ ಎಂಟು ವರ್ಷ ತೆಗೆದುಕೊಳ್ಳುತ್ತದೆ. ಮುಳ್ಳೂ ಹೆಚ್ಚು.

ನೆಡುವ ಜಾಗ ಮತ್ತು ಕಾಲ

ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಕಿತ್ತಳೆಗೆ ನೀರು ಬೇಕು, ನಿಂತ ನೀರು ಮಾತ್ರ ವಿಷ. ಆದ್ದರಿಂದ ಬಯಲುಸೀಮೆಯವರಂತೆ ಗುಂಡಿಯೊಳಗೆ ತಗ್ಗಿನಲ್ಲಿ ನೆಡಬಾರದು. ಎರಡು ಅಡಿ ಉದ್ದ ಅಗಲ ಆಳದ ಗುಂಡಿ ತೋಡಿ, ಮೇಲ್ಮಣ್ಣು, ಹಳೆಯ ಹಟ್ಟಿಗೊಬ್ಬರ, ನಾಲ್ಕು ಬುಟ್ಟಿ ಸುಡುಮಣ್ಣು ಬೆರೆಸಿ ತುಂಬಿ, ನೆಲಕ್ಕಿಂತ ಒಂದೂವರೆ ಅಡಿ ಎತ್ತರಕ್ಕೆ ದಿಬ್ಬ ಮಾಡಿ ಅದರ ಮೇಲೆ ನೆಡಿ. ಕಸಿಯ ಗಂಟು ಮಣ್ಣಿನಿಂದ ಒಂದು ಗೇಣು ಮೇಲಿರಲಿ. ಆಸಾಡಿಯ ಜಡಿಮಳೆಯಲ್ಲಿ ನೆಟ್ಟರೆ ಎಳೆಬೇರು ಕೊಳೆಯುತ್ತದೆ. ಚೌತಿಯ ಹೊತ್ತಿಗೆ, ಮಳೆಯ ಬಿರುಸು ಇಳಿದ ಮೇಲೆ ನೆಡುವುದು ಲೇಸು. ಅರ್ಧ ದಿನವಾದರೂ ಬಿಸಿಲು ಬೀಳುವ ಜಾಗ ಬೇಕು. ದಟ್ಟ ತೆಂಗಿನ ನೆರಳಲ್ಲಿ ಮರ ಬದುಕುತ್ತದೆ, ಹಣ್ಣು ಹುಳಿಯಾಗುತ್ತದೆ.

ಗಂಗೊಳ್ಳಿಯ ಹತ್ತಿರ ಪಂಚಗಂಗಾವಳಿಯ ಬದಿಯವರು, ಮರವಂತೆಯ ಕಡಲ ಬದಿಯವರು ಇನ್ನೊಂದು ವಿಷಯ ಗಮನಿಸಬೇಕು. ಏಪ್ರಿಲ್ ಮೇ ಬಂತೆಂದರೆ ಕೆಲವು ಬಾವಿಗಳ ನೀರು ಉಪ್ಪಾಗುತ್ತದೆ. ತೆಂಗು ಅದನ್ನು ತಡೆದುಕೊಳ್ಳುತ್ತದೆ, ಕಿತ್ತಳೆ ತಡೆದುಕೊಳ್ಳುವುದಿಲ್ಲ. ಎಲೆಯ ತುದಿ ಸುಟ್ಟಂತೆ ಆಗಿ ಉದುರುತ್ತದೆ. ಅಂಥ ಕಡೆ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಮುಂತಾದ ಸಿಹಿನೀರನ್ನೇ ಹಾಕಿ, ಬುಡದ ಸುತ್ತ ದರಗು, ತೆಂಗಿನ ಸಿಪ್ಪೆ ಹರಡಿ ತೇವ ಉಳಿಸಿ. ದರಗು ಕಾಂಡಕ್ಕೆ ತಾಗದಿರಲಿ.

ಮಳೆಗೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ, ಕಾಂಡಕ್ಕೆ ಎರಡು ಅಡಿ ಎತ್ತರದವರೆಗೆ ಬೋರ್ಡೋ ಮುಲಾಮು ಹಚ್ಚಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯದೇ ಗಟ್ಟಿ ರೂಪ. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆ ಕದಡಿ ಒಟ್ಟುಗೂಡಿಸಬೇಕು. ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಯಲ್ಲೇ ಮಾಡಿ, ಅಡುಗೆಯ ಪಾತ್ರೆ ಬೇಡವೇ ಬೇಡ. ಮಕ್ಕಳ ಕೈಗೆ ಸಿಗದಂತೆ ಇಡಿ. ಕಾಂಡದಲ್ಲಿ ಅಂಟು ಸೋರಿ ತೊಗಟೆ ಕೊಳೆಯುವುದನ್ನು ಇದು ತಡೆಯುತ್ತದೆ.

ಗೊಬ್ಬರ ಮತ್ತು ಹೂ

ಮೊದಲ ವರ್ಷ 10 ಕಿಲೋ ಹಟ್ಟಿಗೊಬ್ಬರ, ವರ್ಷ ವರ್ಷ ಏರಿಸುತ್ತ ದೊಡ್ಡ ಮರಕ್ಕೆ 25ರಿಂದ 30 ಕಿಲೋ. ಬುಡಕ್ಕೆ ಒತ್ತಿ ಹಾಕದೆ ಕೊಂಬೆಯ ನೆರಳು ಬೀಳುವ ಅಂಚಿನಲ್ಲಿ ಸುತ್ತ ಹಾಕಿ ಮಣ್ಣು ಮುಚ್ಚಿ. ನಮ್ಮ ಮುರಕಲ್ಲಿನ ಮಣ್ಣಿನಿಂದ ಮಳೆ ಎಲ್ಲ ಸಾರವನ್ನೂ ತೊಳೆದು ಒಯ್ಯುತ್ತದೆ, ಮಣ್ಣು ಹುಳಿಯಾಗುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ಹೇಳಿದಷ್ಟು ಸುಣ್ಣ ಕೊಡಿ. ನಮ್ಮ ಚಿಪ್ಪಿನ ಸುಣ್ಣ ಇದಕ್ಕೆ ಆಗುತ್ತದೆ. ಎಲೆಯ ನರ ಹಸಿರು, ನಡುವೆ ಹಳದಿ, ಎಡಬಲ ಎರಡೂ ಒಂದೇ ರೀತಿ ಇದ್ದರೆ ಸತುವಿನ ಕೊರತೆ. ಒಂದು ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, ಎರಡೂವರೆ ಗ್ರಾಂ ಸುಣ್ಣ ಸೇರಿಸಿ ಸೋಸಿ ಎಲೆಗೆ ಸಿಂಪಡಿಸಿ.

ಹೂ ಬರುವುದಿಲ್ಲ ಎನ್ನುವವರು ದಿನಾ ನೀರು ಹಾಕುವುದನ್ನು ನಿಲ್ಲಿಸಿ ನೋಡಿ. ತಂಪು ಸಿಗದ ನಮ್ಮ ಊರಿನಲ್ಲಿ ಬಾಯಾರಿಕೆಯೇ ಮರವನ್ನು ಹೂವಿಗೆ ಎಬ್ಬಿಸುತ್ತದೆ. ಹಣ್ಣು ಕೊಯ್ದ ಮೇಲೆ ಫೆಬ್ರವರಿಯಲ್ಲಿ ಮೂರು ನಾಲ್ಕು ವಾರ ನೀರು ಕಡಿಮೆ ಮಾಡಿ (ಮರಳು ನೆಲವಾದರೆ ಎರಡು ವಾರ ಸಾಕು), ಎಲೆ ಸ್ವಲ್ಪ ಬಾಡಿದಂತೆ ಕಂಡಾಗ ಗೊಬ್ಬರ ಹಾಕಿ ನೀರು ಕೊಡಿ. ಹೂ ಬಂದ ಮೇಲೆ ಮಾತ್ರ ನೀರು ತಪ್ಪಿಸಬಾರದು. ಹೂವಿನಲ್ಲಿ, ಹೀಚಿನಲ್ಲಿ ಬಹುಪಾಲು ಉದುರುವುದು ಸಹಜ. ದೃಷ್ಟಿ ತಾಗಿತು ಎಂದು ಕೊರಗಬೇಡಿ.

ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳ ಎಲೆಯ ಮೇಲೆ ಕಂಡರೆ ಅದು ಚಿಟ್ಟೆಯ ಮರಿ, ಕರಿಬೇವಿಗೂ ಬರುತ್ತದೆ. ಸಣ್ಣ ಗಿಡದಿಂದ ಕೈಯಲ್ಲೇ ಆರಿಸಿ ತೆಗೆಯಿರಿ. ದೊಡ್ಡ ಮರಕ್ಕೆ ನಾಲ್ಕು ಹುಳ ಲೆಕ್ಕಕ್ಕಿಲ್ಲ. ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆಯನ್ನು ಕಂಡ ಕೂಡಲೇ ಸುಡಲು ಹೋಗಬೇಡಿ. ಕ್ರಿ.ಶ. 304ರದೆಂದು ಹೇಳುವ ಒಂದು ಚೀನೀ ಗ್ರಂಥದಲ್ಲಿ, ಕಿತ್ತಳೆ ಮರ ಕಾಯಲು ಜನ ಈ ಜಾತಿಯ ಇರುವೆಯ ಗೂಡನ್ನು ಸಂತೆಯಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಿದ್ದರೆಂದು ಬರೆದಿದೆ! ಕೊಯ್ಲಿನ ದಿನ ಮಾತ್ರ ಕೈ ಜೋಪಾನ.

ಕಿತ್ತಳೆ ಸಿಪ್ಪೆಯ ಗೊಜ್ಜು

ಹಸಿರು ಸಿಪ್ಪೆಗೆ ಕೇಸರಿ ಸಿಪ್ಪೆಗಿಂತ ಘಮ ಹೆಚ್ಚು. ಔಷಧಿ ಸಿಂಪಡಿಸದ ಮನೆಯ ಹಣ್ಣಿನದೇ ಆಗಬೇಕು.

ಬೇಕಾಗುವ ಸಾಮಾನು: ಎರಡು ಹಣ್ಣಿನ ಸಿಪ್ಪೆ, ನಿಂಬೆ ಗಾತ್ರದ ಹುಣಸೆಹಣ್ಣು, ಅದರ ಎರಡರಷ್ಟು ಬೆಲ್ಲ, ಬ್ಯಾಡಗಿ ಮೆಣಸು 5, ಉದ್ದಿನಬೇಳೆ 1 ಚಮಚ, ಕೊತ್ತಂಬರಿ 1 ಚಮಚ, ಮೆಂತ್ಯ ಕಾಲು ಚಮಚ, ಎಳ್ಳು 2 ಚಮಚ, ತೆಂಗಿನತುರಿ 3 ಚಮಚ, ಉಪ್ಪು, ಅರಸಿನ, ಇಂಗು, ಒಗ್ಗರಣೆಗೆ ತೆಂಗಿನೆಣ್ಣೆ, ಸಾಸಿವೆ, ಕರಿಬೇವು.

ಮಾಡುವ ಕ್ರಮ: ಸಿಪ್ಪೆಯ ಒಳಗಿನ ಬಿಳಿ ಭಾಗವನ್ನು ಚಮಚದಿಂದ ಹೆರೆದು ತೆಗೆದು ಸಣ್ಣಗೆ ಹೆಚ್ಚಿ. ಒಂದು ಕುದಿ ಕುದಿಸಿ ಆ ನೀರನ್ನು ಬಸಿಯಿರಿ, ಕಹಿ ಇಳಿಯುತ್ತದೆ. ಮೆಣಸು, ಬೇಳೆ, ಕೊತ್ತಂಬರಿ, ಮೆಂತ್ಯ, ಎಳ್ಳು ಹುರಿದು ತೆಂಗಿನತುರಿಯೊಂದಿಗೆ ನುಣ್ಣಗೆ ಅರೆಯಿರಿ. ಎಣ್ಣೆ ಕಾಯಿಸಿ ಸಾಸಿವೆ, ಇಂಗು, ಕರಿಬೇವು ಹಾಕಿ, ಸಿಪ್ಪೆಯನ್ನು ಐದು ನಿಮಿಷ ಹುರಿಯಿರಿ. ಹುಣಸೆರಸ, ಬೆಲ್ಲ, ಉಪ್ಪು, ಅರಸಿನ ಹಾಕಿ ಸಿಪ್ಪೆ ಮೆತ್ತಗಾಗುವವರೆಗೆ ಬೇಯಿಸಿ, ಅರೆದ ಮಸಾಲೆ ಸೇರಿಸಿ ಗಟ್ಟಿಯಾಗುವವರೆಗೆ ಕುದಿಸಿ ಇಳಿಸಿ. ಕುಚ್ಚಲಕ್ಕಿ ಗಂಜಿಗೆ, ದೋಸೆಗೆ ಚೆನ್ನಾಗಿ ಹೊಂದುತ್ತದೆ. ತೆಂಗಿನತುರಿ ಹಾಕದೆ ಮಾಡಿದರೆ ನಾಲ್ಕಾರು ದಿನ ಕೆಡುವುದಿಲ್ಲ.

ಕುಂಡದಲ್ಲಿ ಬೆಳೆಸುವ ಬಗ್ಗೆ ಬ್ರಹ್ಮಾವರದ ಬಾಡಿಗೆ ಮನೆಯ ಸೋದರಿಯರು ಕೇಳಿದ್ದಾರೆ. ಅದನ್ನು ಮುಂದಿನ ಸಂಚಿಕೆಯಲ್ಲಿ ಬಿಡಿಸಿ ಬರೆಯುತ್ತೇನೆ. ಅಷ್ಟರಲ್ಲಿ ಹಿತ್ತಿಲಲ್ಲಿ ಹಸಿರು ಕಿತ್ತಳೆ ಇರುವವರೆಲ್ಲ ಒಂದೊಂದು ಹಣ್ಣು ಸೀಳಿ ನೋಡಿ, ಒಳಗೆ ಏನು ಕಂಡಿತೆಂದು ನನಗೆ ಕಾಗದ ಹಾಕಿ.